ಡಾಂಬರಿನ ಕಣ

ಬಿಸಿಲಿಗೆ ಮೆತ್ತಗಾದ ಡಾಂಬರು, ಅದರ ಮೇಲೆ ಬಡಿದ ಹುರುಳಿಯ ಹೊಟ್ಟು. ಎರಡೂ ಸೇರಿದರೆ ಒಂದು ಘಾಟು ಏಳುತ್ತದೆ. ನನ್ನ ಬಾಲ್ಯದ ಸುಗ್ಗಿಯ ವಾಸನೆ ಅದು. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನ ಇಳಿಯಲೆಂದು ನಮ್ಮೂರ ಪಕ್ಕದ ಕಾಡು ಕಡಿದು ಉದ್ದನೆಯ ಪಟ್ಟಿ ಹಾಕಿದ್ದರು. ಯುದ್ಧ ಮುಗಿಯಿತು, ವಿಮಾನ ಬರಲಿಲ್ಲ. ಊರಿನವರು ಅದನ್ನೇ ಕಣ ಮಾಡಿಕೊಂಡರು. ಸುಗ್ಗಿ ಮುಗಿಯುವವರೆಗೆ ಅದರ ಮೇಲೆ ಯಾರೂ ಚಪ್ಪಲಿ ಮೆಟ್ಟುತ್ತಿರಲಿಲ್ಲ.

ಆಮೇಲೆ ಕಾಡು ರಾಷ್ಟ್ರೀಯ ಉದ್ಯಾನವಾಯಿತು, ಊರನ್ನು ಎಬ್ಬಿಸಿದರು. ನಾವು ನಂಜನಗೂಡಿಗೆ ಬಂದೆವು. ಅತ್ತಿಗೆ ಮರಿತಾಯಮ್ಮ ಹೆಮ್ಮಿಗೆಯ ತವರಿಗೆ ಹೋದರು. ಅದಕ್ಕೆ ಮೊದಲೇ ಜ್ವರದಲ್ಲಿ ತೀರಿಕೊಂಡಿದ್ದ ನನ್ನಣ್ಣ ಚಿಕ್ಕಬಸಪ್ಪ ಮಾತ್ರ ಅಲ್ಲೇ, ಪಟ್ಟಿಯ ತುದಿಯ ಸಮಾಧಿಗಳ ಸಾಲಿನಲ್ಲಿ ಉಳಿದ.

ವರ್ಷಕ್ಕೊಮ್ಮೆ, ಅವನು ಹೋದ ದಿನ, ಅತ್ತಿಗೆ ಪರ್ಮಿಷನ್ ಪಡೆದು ಅಲ್ಲಿಗೆ ಹೋಗಿ ಎಡೆ ಇಡುತ್ತಾರೆ. ಅಲ್ಲಿಯವರೆಗೆ ನೀರೂ ಮುಟ್ಟುವುದಿಲ್ಲ. ಈಗ ಎಂಬತ್ತು ದಾಟಿದೆ, ಮಂಡಿ ಹಿಡಿದಿದೆ. ಹಾಗಾಗಿ ಈ ಸಲ ನಾನೂ ಜೊತೆಗೆ ಹೊರಟೆ.

"ಇದೇ ಕಡೇ ಸಲ ಕಣೇ ಮಂಗಳಾ" ಎಂದರು ಬಸ್ಸಿಳಿಯುತ್ತಲೇ. "ಮುಂದ್ಲ ವರ್ಸ ನಾನೇ ಅವ್ರತ್ರ ಓಗಿರ್ತೀನಿ. ಅಲ್ಲೇ ಬಡಿಸ್ತೀನಿ ಬುಡು."

ಉದ್ಯಾನದ ಗೇಟಿನಲ್ಲಿ ಮೀಸೆಯ ಹುಡುಗನೊಬ್ಬ ನಮ್ಮ ಡಬ್ಬಿ ಹಿಡಿದುಕೊಂಡ.

"ಊಟ ಒಳಕ್ಕೆ ಬುಡಂಗಿಲ್ಲ ಅಜ್ಜಿ. ರೂಲ್ಸು."

"ಊಟ ಅಲ್ಲ ಕಣಪ್ಪ, ಎಡೆ. ಪ್ರತಿ ವರ್ಸ ತತ್ತೀನಲ್ಲ?"

"ಇದು ಹೊಸಾ ರೂಲ್ಸು. ಎಡೆ ಯಾವ್ದು ಬುತ್ತಿ ಯಾವ್ದು ಅಂತ ಆನೆಗೆ ಗೊತ್ತಾಯ್ತದಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹೋಳಿಗೆ, ಅನ್ನ, ಪಾಯಸ ಎಲ್ಲವನ್ನೂ ಪಕ್ಕದ ಕಸದ ಡ್ರಮ್ಮಿಗೆ ಸುರಿದುಬಿಟ್ಟ. ಅದರಲ್ಲಿ ಟೀ ಲೋಟಗಳು, ಗುಟ್ಕಾ ಪೊಟ್ಟಣಗಳು ತೇಲುತ್ತಿದ್ದವು. ಅತ್ತಿಗೆ ಬೆಳಗಿನ ಜಾವ ಎದ್ದು ಮಾಡಿದ ಅಡುಗೆ. ಖಾಲಿ ಡಬ್ಬಿಯನ್ನು ಮುಚ್ಚಳ ಹಾಕಿ ವಾಪಸು ಕೊಟ್ಟ. ನನಗೆ ಮೈ ಉರಿಯಿತು. ಆದರೂ ಪ್ರಾಣಿಗಳಿಗೋಸ್ಕರ ಮಾಡಿದ ನಿಯಮವಲ್ಲವೇ ಎಂದು ಸುಮ್ಮನಾದೆ.

"ಬಾ, ಮೊಕ ತೋರ್ಸ್ಕೊಂಡಾದ್ರೂ ಬರಾನ" ಎಂದರು ಅತ್ತಿಗೆ.

ಒಳಗೆ ಹೋಗಲು ಅರಣ್ಯ ಇಲಾಖೆಯದೇ ಜೀಪು. ಜೊತೆಗೆ ಬಂದ ವಾಚರ್ ನಾಗಯ್ಯ, ಅತ್ತಿಗೆಯ ಮಂಡಿ ನೋಡಿ, ಗೋಣಿಚೀಲ ಮಡಿಸಿ ಜೀಪು ಹತ್ತುವ ಕಬ್ಬಿಣದ ಮೆಟ್ಟಿಲ ಮೇಲೆ ಹಾಸಿದ.

ಪಟ್ಟಿ ಕಾಣುವ ಮೊದಲೇ ಹಾಡು ಕೇಳಿಸಿತು, ಕರಿದ ಮಾಂಸದ ಮತ್ತು ಬಿಯರಿನ ವಾಸನೆ ಬಂತು. ಡಾಂಬರಿನ ನಟ್ಟನಡುವೆ ಶಾಮಿಯಾನ. ಯಾರೋ ದೊಡ್ಡವರ ಮಗನ ಹುಟ್ಟುಹಬ್ಬವಂತೆ. ಒಬ್ಬರ ಮುಖಕ್ಕೊಬ್ಬರು ಕೇಕು ಮೆತ್ತಿಕೊಳ್ಳುತ್ತಿದ್ದರು. ಕಾರೊಂದು ಟೈರು ಸುಡುವಂತೆ ಸುತ್ತು ಹೊಡೆಯುತ್ತಿತ್ತು. ಕಾಲಿಟ್ಟಲ್ಲೆಲ್ಲ ಮೂಳೆ, ಪ್ಲಾಸ್ಟಿಕ್ ತಟ್ಟೆ.

ಸಮಾಧಿಗಳ ಸಾಲನ್ನು ಅವರು ಮೂತ್ರದ ಜಾಗ ಮಾಡಿಕೊಂಡಿದ್ದರು. ಅಣ್ಣನ ಕಲ್ಲಿನ ಮೇಲೆ ಅರ್ಧ ತಿಂದ ಕೋಳಿಯ ತಟ್ಟೆ ಇತ್ತು, ನೊಣ ಮುತ್ತಿತ್ತು.

ಲೋಟ ಹಿಡಿದ ಒಬ್ಬಾತ ಹತ್ತಿರ ಬಂದ. "ಬನ್ನಿ ಅಜ್ಜೀರೇ, ಊಟ ಮಾಡ್ಕೊಂಡು ಹೋಗಿ. ವೆಜ್ ಪಲಾವೂ ಇದೆ."

"ಗೇಟಿನಲ್ಲಿ ಊಟ ಬಿಟ್ಟರೇ ನಿಮಗೆ?" ಎಂದೆ.

"ನಮ್ಮನ್ನ ಯಾರು ತಡೀತಾರೆ ಅಜ್ಜಿ?" ಎಂದು ನಕ್ಕ. ಆ ನಗುವಿನಲ್ಲಿ ಸೊಕ್ಕೂ ಇರಲಿಲ್ಲ, ಮಳೆ ಬಿಸಿಲಿನ ಮಾತಾಡಿದಂತೆ ಹೇಳಿದ. ಅದೇ ನನಗೆ ಎಲ್ಲಕ್ಕಿಂತ ಹೇಸಿಗೆಯಾಯಿತು.

ಅತ್ತಿಗೆ ಸೆರಗಿನಿಂದ ಕಲ್ಲು ಒರೆಸಲು ಬಗ್ಗಿದರು. ನಾಗಯ್ಯ ಅವರನ್ನು ತಡೆದ. ತಟ್ಟೆಯನ್ನು ತಾನೇ ಎತ್ತಿ ಎಸೆದು, ಕುಡಿಯಲು ತಂದಿದ್ದ ನೀರಿನಲ್ಲಿ ಕಲ್ಲು ತೊಳೆದ. ಕೊಂಚ ನೀರನ್ನು ಅತ್ತಿಗೆಗೆಂದು ಉಳಿಸಿದ್ದ.

"ಎಡೆ ಇಡ್ದೆ ಎಂಗೆ ಕುಡೀಲಪ್ಪ?" ಅತ್ತಿಗೆಯ ತುಟಿ ಒಣಗಿತ್ತು. ಕಲ್ಲಿನ ಕಡೆ ತಿರುಗಿ, "ಬರಿಗೈಲಿ ಬಂದಿವ್ನಿ ಕಣ್ರೀ" ಎಂದರು.

"ಆ ಪಲಾವನ್ನೇ ಕೇಳಲಾ?" ಎಂದೆ. ನನಗೆ ಅವರ ಜೀವದ ಚಿಂತೆ.

"ಎಂಜಲ ಕೈಯವ್ರತ್ರ ಬ್ಯಾಡ."

ನಾಗಯ್ಯ ಜೀಪಿಗೆ ಹೋಗಿ ಬಟ್ಟೆ ಸುತ್ತಿದ ಸ್ಟೀಲ್ ಡಬ್ಬಿಯೊಂದನ್ನು ತಂದ. ಹತ್ತಿರ ಬರಲಿಲ್ಲ.

"ಮುದ್ದೆ, ಸೊಪ್ಪಿನ ಸಾರು. ನಾನಿನ್ನೂ ಮುಟ್ಟಿಲ್ಲ ಕಣವ್ವ" ಎಂದ. ಆಮೇಲೆ ನೆಲ ನೋಡುತ್ತಾ, "ನಾವು ನಿಮ್ಮೂರ ಕೆಳಗೇರಿಯೋರು. ರಾಚಮ್ಮನ ಮೊಮ್ಮಗ. ನಿಮಗೆ ಆಯ್ತದೋ ಇಲ್ವೋ" ಎಂದ.

ರಾಚಮ್ಮ ಇದೇ ಡಾಂಬರಿನ ಮೇಲೆ ನಮ್ಮ ಹುರುಳಿ ಬಡಿದವಳು. ಸಂಜೆ ಅವಳು ಮೊರ ಒಡ್ಡಿ ನಿಲ್ಲುತ್ತಿದ್ದಳು. ಕೈ ತಾಗದಂತೆ, ಮೇಲಿನಿಂದ ಕಾಳು ಸುರಿಯುತ್ತಿದ್ದವರು ನಮ್ಮ ಅತ್ತಿಗೆಯೇ. ಕೆಳಗೇರಿಯ ಮನೆಯ ಅನ್ನ ನಮ್ಮ ಎಡೆಗೆ ಎಂದೂ ಬಂದದ್ದಿಲ್ಲ.

ಅತ್ತಿಗೆ ಒಮ್ಮೆ ಡಬ್ಬಿಯತ್ತ, ಒಮ್ಮೆ ಕಲ್ಲಿನತ್ತ ನೋಡಿದರು. ಅತ್ತ ಮತ್ತೊಂದು ಬಾಟಲಿ ಒಡೆದ ಸದ್ದು, ಕೇಕೆ. ನಾಗಯ್ಯ ಡಬ್ಬಿಯನ್ನು ದೂರದಲ್ಲೇ ನೆಲದ ಮೇಲಿಡಲು ಬಗ್ಗಿದ.

"ಕೆಳಗಿಡಬ್ಯಾಡ ಮಗಾ" ಎಂದು ಅತ್ತಿಗೆ ಎರಡೂ ಕೈ ಚಾಚಿದರು. "ಕೈಗೆ ಕೊಡು."

ಅವನು ಬಟ್ಟೆ ಬಿಚ್ಚಿ, ಡಬ್ಬಿಯನ್ನು ಅವರ ಕೈಗಿಟ್ಟ.