ತೊಲೊಮುಶ್ ಹರಿಸಿದ ಹೊಳೆ

ತೊಲೊಮುಶ್ ಕಟ್ಟಿದ ಆಂಪ್ಲಿಫೈಯರಿಗೆ ಹೆಡ್‌ಫೋನ್ ಸಿಕ್ಕಿಸಿದರೆ ಹತ್ತು ವರ್ಷದ ಹಿಂದೆ ಸತ್ತ ಕುದುರೆ ಕೂಡ ಕಿವಿ ನಿಮಿರಿಸುತ್ತಿತ್ತು. ಒಮ್ಮೆ ಅದರ ಗುಂಡಿಯನ್ನು ಕೂದಲೆಳೆಯಷ್ಟು ಹೆಚ್ಚು ತಿರುಗಿಸಿದ್ದಕ್ಕೆ ಬೆಟ್ಟದ ಹಿಮವೆಲ್ಲ ಜಾರಿ, ಬಿಷ್ಕೆಕ್ ಪಟ್ಟಣಕ್ಕೆ ಮೂರು ಬೇಸಿಗೆಗಾಗುವಷ್ಟು ನೀರಾಯಿತು. ರೇಡಿಯೋ ಬಜಾರಿನಲ್ಲಿ ಇದನ್ನು ನಂಬುವವರಿರಲಿಲ್ಲ. ಅಲ್ಲಗಳೆಯುವ ತ್ರಾಣವೂ ಯಾರಿಗೂ ಇರಲಿಲ್ಲ.

ಆ ಸಂಜೆ ತೊಲೊಮುಶ್‌ಗೂ ಸಾಕಾಗಿತ್ತು. ತಗಡಿನ ಅಂಗಡಿ ಒಲೆಯಂತೆ ಕಾದಿತ್ತು. ಬೆಸುಗೆ ಹಾಕಿ ಹಾಕಿ ಅವನ ಕಣ್ಣು ಎರಡು ಸಲ ಕಳಚಿ ಬಿದ್ದು, ಎರಡು ಸಲವೂ ಅವನೇ ಹೆಕ್ಕಿ ಕೂರಿಸಿಕೊಂಡಿದ್ದ. ಬಾಗಿಲೆಳೆಯುವ ಹೊತ್ತಿಗೆ ಉಲ್ಕಾನ್ ಎಜೆ, ಅಂದರೆ ಉಲ್ಕಾನಕ್ಕ, ಬಂದಳು.

ಅವಳ ಫೋನಿನಲ್ಲಿ ತೀರಿಹೋದ ತಾಯಿಯ ಹಾಡೊಂದಿತ್ತು. ಹಳೇ ಕ್ಯಾಸೆಟ್ಟಿನಿಂದ ಇಳಿಸಿದ್ದು. ಅಮ್ಮ ಅದನ್ನು ಹಾಡಿದ್ದು ಬೆಟ್ಟದ ಮೇಲೆ, ಹೊಳೆ ಪಕ್ಕದ ಬೇಸಿಗೆಯ ಹುಲ್ಲುಗಾವಲಿನಲ್ಲಿ ಎಂದು ಅವಳು, ಚಳಿಗಾಲದ ಅಡುಗೆಮನೆಯಲ್ಲಿ ಎಂದು ಅವಳ ಅಣ್ಣ. ಹೋದ ತಿಂಗಳು ಈ ಅಂಗಡಿಯಲ್ಲೇ ಇವನ ಆಂಪ್ಲಿಫೈಯರಿನಲ್ಲಿ ಕೇಳುವಾಗ ಹಾಡಿನ ಹಿಂದೆ ಸಣ್ಣಗೆ ಭೋರೆಂದಿತ್ತು. ಹೊಳೆಯಾ ಎಂದು ಕೇಳಿದ್ದಳು. ಮತ್ತೇನು, ನನ್ನ ಡಬ್ಬಿಯಲ್ಲಿ ಅದರೊಳಗಿನ ಮೀನು ಮಗ್ಗುಲಾಗುವುದೂ ಕೇಳುತ್ತದೆ ಎಂದಿದ್ದ ಇವನು. ಅಷ್ಟಕ್ಕೇ ಅಣ್ಣ ವಾದದಲ್ಲಿ ಸೋತ. ತಾಯಿಯ ವರ್ಷದ ಊಟ ಹೊಳೆದಂಡೆಯಲ್ಲೇ ಎಂದಾಯಿತು. ನಾಳೆ ನಸುಕಿಗೆ ಅರ್ಧ ದೇಶವೇ ಬೆಟ್ಟ ಹತ್ತಲಿತ್ತು. ಅಂದರೆ ಎರಡು ಲಾರಿ, ಮತ್ತು ಮಂಡಿನೋವಿನ ಮುದುಕರು.

ಇವತ್ತು ಅವಳ ದೂರು ಬೇರೆ. ಡಬ್ಬಿಗೆ ಈ ಹೆಡ್‌ಫೋನ್ ಸಿಕ್ಕಿಸಿ ಗುಂಡಿ ಮುಟ್ಟಿದರೆ ಸಾಕು, ಅಮ್ಮ ಕಿರುಚುತ್ತಾಳೆ; ಮುದುಕರಿಗೆ ಮೆಲ್ಲಗೆ ಕೇಳಿಸಬೇಕು. ತೊಲೊಮುಶ್ ಬೆರಳುದ್ದದ ಇಂಪೀಡೆನ್ಸ್ ಅಡಾಪ್ಟರ್ ಬೆಸೆದು ಡಬ್ಬಿಗೂ ಹೆಡ್‌ಫೋನಿಗೂ ನಡುವೆ ಸಿಕ್ಕಿಸಿದ. ಅದರೊಳಗಿನ ಪುಟ್ಟ ರೆಸಿಸ್ಟರು ನುಗ್ಗುವ ಸದ್ದಿಗೆ ಮೂಗುದಾರ ಹಾಕಿತು. ಗುಂಡಿ ಅರ್ಧ ತಿರುಗಿದರೂ ಹಾಡು ತೊಳೆದಿಟ್ಟಂತಿತ್ತು. ಅಮ್ಮ ಉಸಿರೆಳೆದುಕೊಳ್ಳುವುದೂ ಕೇಳಿತು.

ಉಲ್ಕಾನ್ ಎಜೆ ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿದಳು. "ಹೊಳೆ ಎಲ್ಲಿ ಹೋಯ್ತೋ?"

"ಬೇಸಿಗೆ ಅಲ್ವಾ ಎಜೆ, ನೀರು ಇಳಿದಿರುತ್ತೆ."

"ಕ್ಯಾಸೆಟ್ಟಿನೊಳಗೂ ಇಳಿಯುತ್ತೇನು?"

ಅಡಾಪ್ಟರನ್ನು ಅವಳೇ ಕಿತ್ತಳು. ಹೊಳೆ ಬಂತು. ಏನನ್ನಿಸಿತೋ, ಹಾಡನ್ನು ನಿಲ್ಲಿಸಿದಳು. ಅಮ್ಮ ಸುಮ್ಮನಾದಳು, ಹೊಳೆ ಹರಿಯುತ್ತಲೇ ಇತ್ತು.

ತೊಲೊಮುಶ್‌ಗೆ ಇನ್ನೊಂದು ಸುಳ್ಳು ಹೊಳೆಯದೆ ಇರಲಿಲ್ಲ. ಅದನ್ನು ಅಲ್ಲಿಗೇ ಬಿಟ್ಟ. ಸ್ಟೂಲು ಎಳೆದುಕೊಂಡು ಕೂತ.

"ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು. ಹೊಳೆ ಅಂದಾಗ ನಿಮ್ಮ ಮುಖ ಅರಳ್ತು. ನನ್ನ ಡಬ್ಬೀನ ಒಬ್ಬರಾದ್ರೂ ನಂಬಿದ್ರಲ್ಲ ಅಂತ ಸುಮ್ನಿದ್ದೆ."

ಅವಳು ಬೈಯಲಿಲ್ಲ. ಅಣ್ಣನ ನಂಬರು ಒತ್ತಿ ಫೋನನ್ನು ಅವನ ಕೈಗಿಟ್ಟಳು. ಆ ಕಡೆ ಲಾರಿಗೆ ಸಾಮಾನು ಏರಿಸುವ ಗಲಾಟೆ. ತೊಲೊಮುಶ್ ಫೋನನ್ನು ಕಿವಿಗಿಟ್ಟ.

"ಅಣ್ಣಾ, ಸಾಮಾನು ಇಳಿಸಿ. ಹಾಡಿನಲ್ಲಿ ಹೊಳೆ ಇಲ್ಲ. ಅದು ನನ್ನ ಆಂಪ್ಲಿಫೈಯರಿನ ಭುಸುಭುಸು. ಒಳ್ಳೇದನ್ನ ಕಟ್ಟೋಕೆ ನಂಗೆ ಬರಲ್ಲ."