ಮೂರು ಮಷಿನ್ನಿನ ಪಟ್ಟಿ

ಕೃಷ್ಣೆಯ ನೀರನ್ನು ಎತ್ತಿ ಹೊಲಗಳಿಗೆ ಹಂಚುವ ಸಹಕಾರಿ ಸಂಘವೊಂದು ಕಾಗವಾಡದಲ್ಲಿತ್ತು. ಯಾರ ಹೊಲಕ್ಕೆ ಯಾವ ದಿನ, ಎಷ್ಟು ಗಂಟೆಗೆ ನೀರು ಎಂಬ ಪಾಳಿ ಚೀಟಿ ಆ ಕಚೇರಿಯಿಂದಲೇ ಹೋಗಬೇಕು. ಚೀಟಿ ಬರೆಯುವವನು ದಾದಾಸಾಬ. ಸರ್ವೆ ನಂಬರುಗಳ ದಪ್ಪ ಪುಸ್ತಕ ನೋಡಿಕೊಳ್ಳುವವಳು ಜನಾಬಾಯಿ. ಪಾಳಿಯ ಯಾದಿ ಹೊಂದಿಸುವವನು ಕಾಮಣ್ಣ. ಪತ್ರವ್ಯವಹಾರವೆಲ್ಲ ಪಾರಿಸನದು. ೧೯೯೬ರಲ್ಲಿ ಕಚೇರಿಗೆ ಕಂಪ್ಯೂಟರ್ ತರಬೇಕೆಂದು ಮಂಡಳಿ ಠರಾವು ಮಾಡಿತು. ಎಂಥದ್ದು ತರಬೇಕೆಂದು ಆರಿಸುವ ಕೆಲಸವನ್ನು ಚೇರ್ಮನ್ ಬಾಳಾಸಾಬರು ಪಾರಿಸನಿಗೆ ಒಪ್ಪಿಸಿದರು. ಆರು ತಿಂಗಳು ಪ್ರತಿ ರವಿವಾರ ಮಿರಜಿಗೆ ಹೋಗಿ ಕಂಪ್ಯೂಟರ್ ಕಲಿತು ಬಂದವನು ಆ ಕಚೇರಿಯಲ್ಲಿ ಅವನೊಬ್ಬನೇ.

“ಕಡಿಮಿ ರೇಟಿನಾಗ ಆಗಬೇಕು ನೋಡು. ಯಾರ ಕೆಲಸಕ್ಕ ಎಷ್ಟು ಬೇಕೋ ಅಷ್ಟ ಬರಕೊಂಡ ಬಾ,” ಎಂದಿದ್ದರು ಚೇರ್ಮನ್ನರು.

ಆ ಮಾತು ಪಾರಿಸನಿಗೆ ಹಿಡಿಸಿತು. ಮಿರಜಿನ ಅಂಗಡಿಯವನು ಹೊಸ ಪೆಂಟಿಯಮ್ ಕಂಪ್ಯೂಟರಿನ ಮುಂದೆ ಕೂರಿಸಿ, ಇದರಲ್ಲಿ ಹಾಡು ಕೇಳಬಹುದು, ಸಿನೆಮಾ ನೋಡಬಹುದು ಎಂದು ಬಣ್ಣಿಸಿದ. ನೀರಿನ ಪಾಳಿಗೆ ಹಾಡು ಯಾಕೆ ಬೇಕು? ಪಾರಿಸ ಹಳೆಯ ೪೮೬ ಮಾದರಿಯ ಬೆಲೆ ಕೇಳಿದ. ಲೇಸರ್ ಪ್ರಿಂಟರ್ ಸಮೇತ ಆ ಪೆಂಟಿಯಮ್ ಒಂದಕ್ಕೆ ಕೊಡುವ ದುಡ್ಡಿನಲ್ಲಿ ಇಂಥವು ಮೂರು ಬರುತ್ತಿದ್ದವು.

ಮರುದಿನದಿಂದ ಅವನು ಒಬ್ಬೊಬ್ಬರ ಪಕ್ಕದಲ್ಲೂ ಕುರ್ಚಿ ಹಾಕಿಕೊಂಡು ಕುಳಿತ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ದಿನಕ್ಕೆ ಎಷ್ಟು ಸಲ ಬರುತ್ತದೆ, ಎಲ್ಲವನ್ನೂ ಗಡಿಯಾರ ನೋಡಿ ಬರೆದುಕೊಂಡ. ಜನಾಬಾಯಿಯ ಪುಸ್ತಕದಲ್ಲಿ ಮೂರು ಸಾವಿರ ಸರ್ವೆ ನಂಬರುಗಳಿದ್ದವು. ಅವಳ ಮಷಿನ್ನಿಗೆ ಎಂಟು ಎಂ.ಬಿ. ಮೆಮರಿ ಬೇಕು. ಕಾಮಣ್ಣನಿಗೆ ನಾಲ್ಕು ಸಾಕು. ದಾದಾಸಾಬನಿಗೂ ನಾಲ್ಕು ಸಾಕು, ಆದರೆ ಅವನ ಎಡಗಣ್ಣಿಗೆ ಪೊರೆ ಬಂದಿತ್ತು.

“ಅಕ್ಷರ ದೊಡ್ಡೂ ಕಾಣಬೇಕ್ನೋಡಪಾ. ಉಳಿದದ್ದೆಲ್ಲಾ ನೀ ಹೇಳಿದಂಗ,” ಎಂದ ದಾದಾಸಾಬ.

“ನಿಮಗ ಹದಿನೈದು ಇಂಚಿನ ಪಡದೆ ಹಾಕೇನ್ರಿ ಚಾಚಾ. ಉಳಿದವ್ರಿಗೆ ಹದಿನಾಕು.”

ಜನಾಬಾಯಿ ರಟ್ಟಿನ ಮೇಲೆ ಕೀಲಿಮಣೆಯ ಚಿತ್ರ ಬರೆಸಿಕೊಂಡು ಮಧ್ಯಾಹ್ನ ಬುತ್ತಿ ಉಂಡಾದ ಮೇಲೆ ಬೆರಳಾಡಿಸುತ್ತ ಕೂಡುತ್ತಿದ್ದಳು. ಗಂಡ ಸತ್ತ ಮೇಲೆ ಅವನ ಜಾಗಕ್ಕೆ ಬಂದವಳು. ಅಲ್ಲಿಂದ ಹನ್ನೊಂದು ವರ್ಷ ಆ ಪುಸ್ತಕ ಬಿಟ್ಟು ಬೇರೇನನ್ನೂ ಮುಟ್ಟಿರಲಿಲ್ಲ.

ಪಾರಿಸ ಒಂಬತ್ತು ಪುಟದ ವರದಿ ಬರೆದ. ಮೂರು ಮಷಿನ್, ಮೂವರಿಗೂ ಸೇರಿ ಒಂದೇ ಪ್ರಿಂಟರ್, ಕರೆಂಟು ಹೋದರೆ ನಡೆಸಲು ಬ್ಯಾಟರಿ. ಬ್ಯಾಟರಿಯ ಕೆಳಗೆ ಎರಡು ಗೆರೆ ಎಳೆದ. ಗಡಿಯಾರ ನೋಡಿ ಬರೆದುಕೊಂಡದ್ದನ್ನೂ ಕೊನೆಗೆ ಹಚ್ಚಿದ. ಇಷ್ಟು ನಿಗಾ ಇಟ್ಟು ಅವನು ಹಿಂದೆ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಹದಿನೈದು ದಿನ ಬಿಟ್ಟು ಚೇರ್ಮನ್ನರು ಕರೆದರು. ವರದಿ ಮೇಜಿನ ಮೇಲೆ ತೆರೆದಿತ್ತು, ಕೊನೆಯ ಎರಡು ಪುಟಕ್ಕೆ.

“ಚಲೋ ಬರದಿ ಪಾರಿಸಾ. ಮಿರಜಿನವಂಗ ತೋರಿಸಿದ್ವಿ. ಈ ಮೂರೂ ಮಂದಿ ದಿನಾ ಮಾಡೂ ಕೆಲಸ ಪೆಂಟಿಯಮ್ ಎರಡ ತಾಸಿನಾಗ ಮುಗಸ್ತೈತಿ ಅಂತ. ಮೂರು ಮಷಿನ್ ಯಾಕ? ಒಂದ ತರೋಣು. ನೀ ನಡಸು.”

“ಅವ್ರು ಏನ್ ಮಾಡಬೇಕ್ರಿ ಸಾಹೇಬ್ರ?”

ಬಾಳಾಸಾಬರು ಕಿಟಕಿಯ ಕಡೆ ನೋಡಿದರು. “ಮಂಡಳಿ ನಿರ್ಣಯ ಆಗೇತಿ. ತಿಂಗಳ ನೋಟೀಸು ಕೊಡ್ತೀವಿ.”

“ಅದನ್ನ ಮಷಿನ್ ಆರ್ಸಾಕ ಬರದೀನ್ರಿ. ಮಂದೀನ ತಗ್ಯಾಕ ಅಲ್ರಿ.”

“ಬರದದ್ದು ಸುಳ್ಳೇನ?”

ಸುಳ್ಳು ಎಂದರೆ ಎಲ್ಲ ನಿಲ್ಲಬಹುದಿತ್ತೇನೋ. ಅಷ್ಟು ಬೇಗ ಪಾರಿಸನಿಗೆ ಆ ಯೋಚನೆ ಹೊಳೆಯಲಿಲ್ಲ.

“ಸುಳ್ಳಲ್ರಿ,” ಎಂದ.

ಸಂಜೆ ದಾದಾಸಾಬನ ಮನೆಗೆ ಹೋದ. ನೋಟೀಸು ಬರುವ ಮುಂಚೆ ತಾನೇ ಹೇಳಬೇಕೆಂದು ಹೋಗಿದ್ದ. ಸುದ್ದಿ ಆಗಲೇ ಮುಟ್ಟಿತ್ತು. ದಾದಾಸಾಬನ ಹೆಂಡತಿ ನೂರಜಾನಬಿ ಚಾಪೆ ಹಾಸಿ ಒಳಗೆ ಹೋದಳು. ದಾದಾಸಾಬ ಗೋಡೆಗೆ ಒರಗಿ ಕುಳಿತಿದ್ದ.

“ಒಂದ ಚೀಟಿಗೆ ನಾಕು ನಿಮಿಷ ಅಂತ ಬರದೀಯಂತ?”

“ಹೌದ್ರಿ ಚಾಚಾ.”

“ನನಗ ಆರು ಹಿಡೀತಾವಪಾ. ಕಣ್ಣು ಹ್ವಾದಾಗಿಂದ ಆರು. ನೀ ನನ್ನ ಮರ್ಯಾದಿಗೆ ನಾಕು ಮಾಡಿ ಬರದೀ.” ಆಮೇಲೆ ಹೇಳಿದ, “ನೀ ಕೆಟ್ಟದ್ದೇನ ಬರದಿಲ್ಲ ಬಿಡು.”

ಬೈದಿದ್ದರೆ ಪಾರಿಸ ಕೂತು ಕೇಳುತ್ತಿದ್ದ. ಈ ಮಾತು ಕೇಳಿ ಕೂತಿರಲಾಗಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದ.

ರಾಜೀನಾಮೆ ಕೊಡಬೇಕೆಂದು ನಾಲ್ಕು ದಿನ ಓಡಾಡಿದ. ಅಥಣಿ, ಚಿಕ್ಕೋಡಿಯ ಸಂಘಗಳಲ್ಲಿ ಕೇಳಿ ನೋಡಿದ. ಎಲ್ಲೂ ಜಾಗ ಇರಲಿಲ್ಲ. ಐದನೆಯ ದಿನ ಮತ್ತೆ ಕಚೇರಿಗೆ ಹೋಗಿ ಕುಳಿತ. ನೋಟೀಸಿನ ತಿಂಗಳು ಮುಗಿದ ದಿನ ಕಾಮಣ್ಣ ಎದುರಿಗಿದ್ದರೂ ಪಾರಿಸನ ಜೊತೆ ಮಾತಾಡಲಿಲ್ಲ. ಜನಾಬಾಯಿ ಮಾತ್ರ ಪುಸ್ತಕವನ್ನು ಅವನ ಮೇಜಿಗೆ ತಂದಿಟ್ಟು, ಹರಿದ ಹಾಳೆಗಳು ಎಲ್ಲಿವೆ, ಯಾವ ನಂಬರುಗಳು ಅಣ್ಣತಮ್ಮಂದಿರ ನಡುವೆ ಪಾಲಾಗಿವೆ ಎಂದು ಒಂದೊಂದಾಗಿ ತೋರಿಸಿಕೊಟ್ಟಳು.

“ಇಷ್ಟ ನೋಡ್ರಿ ಅಣ್ಣಾರ,” ಎಂದು ಚೀಲ ಹೆಗಲಿಗೆ ಹಾಕಿಕೊಂಡಳು.

ಪೆಂಟಿಯಮ್ ಬಂತು. ಅದರ ಬೆಲೆ ಹೆಚ್ಚಾಯಿತೆಂದು ಮಂಡಳಿ ಬ್ಯಾಟರಿಯನ್ನು ಕೈಬಿಟ್ಟಿತ್ತು. ಬೇಸಿಗೆಯಲ್ಲಿ ಕರೆಂಟು ದಿನಕ್ಕೆ ಆರೇಳು ತಾಸು ಇರುತ್ತಿರಲಿಲ್ಲ; ನೀರೆತ್ತುವ ಪಂಪುಗಳಿಗೆ ಬೇರೆ ಲೈನಿತ್ತು, ಕಚೇರಿಗೆ ಇರಲಿಲ್ಲ. ಪಾಳಿಯ ಯಾದಿ ಕಂಪ್ಯೂಟರಿನ ಒಳಗೇ ಉಳಿಯುತ್ತಿತ್ತು, ಕಿಟಕಿಯ ಹೊರಗೆ ಜನ ನಿಂತಿರುತ್ತಿದ್ದರು. ಒಂದು ದಿನ ಭೀಮಸಿ ಎಂಬ ರೈತ ಕಿಟಕಿಯ ಸರಳು ಹಿಡಿದುಕೊಂಡು ಕೇಳಿದ, “ನಿನ್ನಿ ನನ್ನ ಪಾಳಿ ಇತ್ತಂತ. ಚೀಟಿ ಯಾಕ ಬರಲಿಲ್ರಿ?”

“ಕರೆಂಟ್ ಇರ್ಲಿಲ್ರಿ.”

“ದಾದಾಸಾಬ ಇದ್ದಾಗ ಕರೆಂಟ್ ಯಾರ ಕೇಳ್ತಿದ್ರು?”

ಭೀಮಸಿ ಇನ್ನೊಂದಿಷ್ಟು ಹೊತ್ತು ನಿಂತು ಹೊರಟುಹೋದ. ಅವನ ಹಿಂದಿದ್ದವನು ಮುಂದೆ ಬಂದು ಅದನ್ನೇ ಕೇಳಿದ. ಪಾರಿಸ ಅವನಿಗೂ ಕರೆಂಟ್ ಇಲ್ಲವೆಂದು ಹೇಳಿ, ಕಪ್ಪಗಿದ್ದ ಪರದೆಯ ಎದುರು ಕುಳಿತ.