ತಂಗಿಗೆ ಮಾತ್ರ ಇದ್ದ ಕಾಯಿಲೆ

ನನ್ನ ತಂಗಿ ಪ್ರಣಾಲಿಗೆ ಹುಟ್ಟಿನಿಂದಲೇ ಹೃದಯದ ಒಂದು ಕವಾಟ ಸರಿಯಿಲ್ಲ. ರಕ್ತ ಹೊರಗೆ ಹೋಗುವ ಆ ಬಾಗಿಲಿಗೆ ಮೂರು ಪದರ ಇರಬೇಕು, ಅವಳಿಗೆ ಎರಡೇ. ಇದು ಗೊತ್ತಾದ ದಿನದಿಂದ ಸಂತಪುರದ ನಮ್ಮ ಮನೆಯಲ್ಲಿ ಅವಳದೇ ದರಬಾರು. ಸದ್ಯಕ್ಕೆ ಬಾಗಿಲು ಚೆನ್ನಾಗಿ ತೆರೆಯುತ್ತಿದೆ, ಮನೆಗೆಲಸ ಮಾಡಲಿ, ಹಲ್ಲು ಸ್ವಚ್ಛವಾಗಿಟ್ಟುಕೊಳ್ಳಲಿ, ತಪ್ಪದೆ ತೋರಿಸುತ್ತಿರಿ ಎಂದು ಬೀದರಿನ ಡಾಕ್ಟರು ಸಾರಿ ಹೇಳಿದ್ದರು. ಅವ್ವ ಭಾಗೀರಥಿಬಾಯಿಯ ಕಿವಿಗೆ ಬಿದ್ದದ್ದು ಹೃದಯ ಎಂಬ ಒಂದೇ ಮಾತು.

ನೀರು ಹೊರುವುದು ನಾನು, ತೊಗರಿ ಕಟ್ಟು ಹೊರುವುದು ನಾನು, ಹಾಲಿನ ಕೆನೆ ಮಾತ್ರ ಅವಳಿಗೆ. ಏದುಸಿರು ಬಂದು ಕೂತರೆ, ತಂಗಿಯನ್ನು ನೋಡಿ ನಾಟಕ ಕಲಿತಿದ್ದೀಯಾ ಎಂದು ಅವ್ವ ಬೈಯುತ್ತಿದ್ದಳು. ಹೊಟ್ಟೆಕಿಚ್ಚು ನನಗಿತ್ತು, ಇಲ್ಲವೆನ್ನುವುದಿಲ್ಲ. ಬುದ್ಧವಂದನೆಗೆ ಕೂತಾಗಲೂ, ಅಂಥದ್ದೊಂದು ಕಾಯಿಲೆ ನನಗೂ ಬರಬಾರದೇ ಎಂದು ಬೇಡಿದ್ದೇನೆ.

ಈ ಸಲ ಅವಳನ್ನು ತೋರಿಸಲು ಹೋದಾಗ ಡಾಕ್ಟರು, ಇದು ಒಡಹುಟ್ಟಿದವರಲ್ಲೂ ಇರಬಹುದು, ದೊಡ್ಡವಳಿಗೂ ಹೃದಯದ ಎಕೋ ಸ್ಕ್ಯಾನ್ ಮಾಡೋಣ ಎಂದರು. ಅವ್ವ ನಕ್ಕಳು.

"ನಮ್ಮ ಮಹಾಮಾಯಾಗ ಏನಾಗ್ತದ್ರಿ? ಕಲ್ಲುಗುಂಡ ಇದ್ದಂಗ ಅದಾಳ."

ನಾನೇ ಹಟ ಹಿಡಿದು ಮಂಚ ಹತ್ತಿದೆ. ತಂಗಿಯ ಎದೆಯ ಮೇಲೆ ಆಡುವ ಯಂತ್ರ ಒಂದು ಸಲ ನನ್ನ ಎದೆಯ ಮೇಲೂ ಆಡಲಿ ಎಂಬುದಷ್ಟೇ ಆಸೆ.

ನನ್ನದೂ ಎರಡೇ ಪದರ. ಅದೂ ಗಟ್ಟಿಯಾಗಿ ಬಾಗಿಲು ತೀರಾ ಕಿರಿದಾಗಿದೆ, ಭಾರ ಎತ್ತಿದರೆ ಪ್ರಾಣಕ್ಕೇ ಅಪಾಯ, ಬೇಗ ಆಪರೇಷನ್ ಆಗಬೇಕು ಎಂದರು. ನನಗೆ ಮೊದಲು ಆದದ್ದು ಹೆದರಿಕೆಯಲ್ಲ, ಖುಷಿ. ಇದರಲ್ಲಾದರೂ ಅವಳನ್ನು ಹಿಂದೆ ಹಾಕಿದ್ದೆ.

ಆ ಖುಷಿ ಬಸ್ ಸ್ಟ್ಯಾಂಡಿನವರೆಗೂ ಉಳಿಯಲಿಲ್ಲ. ಭಾಲ್ಕಿಯ ಧಮ್ಮಪಾಲ ಎಂಬ ಮಾಸ್ತರರ ಜೊತೆ ನನ್ನ ಲಗ್ನ ಗೊತ್ತಾಗಿತ್ತು. ಊರಿಗೆ ಹೋಗುವ ಔರಾದ ಬಸ್ಸು ಬರುವ ಮೊದಲು ಅವ್ವ ನನ್ನನ್ನು ಮೂಲೆಗೆ ಕರೆದಳು.

"ಲಗ್ನ ಆಗೋ ತನಕಾ ಯಾರ ಮುಂದೂ ಬಾಯಿ ಬಿಡಬ್ಯಾಡ. ಆಪರೇಷನ್ ಆಮ್ಯಾಲ ನೋಡಮಿ. ಕೊಡ ಹೊರೂದು ಬಿಟ್ಟಿ ಅಂದರ ಓಣ್ಯಾಗ ಶಂಕಾ ಬರ್ತದ."

ಹೂಂ ಎಂದೆ. ಆ ಲಗ್ನ ನನಗೂ ಬೇಕಿತ್ತು.

ಮರುದಿನ ನಳದ ಮುಂದೆ ಓಣಿಯ ಹೆಂಗಸರೆಲ್ಲ ಇದ್ದರು. ತುಂಬಿದ ಕೊಡಕ್ಕೆ ಕೈ ಹಾಕಿದೆ. ಹಿಂದಿನಿಂದ ಬಂದ ಪ್ರಣಾಲಿ ಅದನ್ನು ಕಸಿದು ಸೊಂಟಕ್ಕಿಟ್ಟುಕೊಂಡಳು. ಹೃದಯದ ಕಾಯಿಲೆಯವಳು ನೀನ್ಯಾಕೆ ಹೊರುತ್ತೀ ಎಂದು ಪಕ್ಕದ ಮನೆಯ ಸಖುಬಾಯಿ ಕೇಳಿದಳು.

"ನನಗ ಏನೂ ಆಗಂಗಿಲ್ರಿ ಕಾಕಿ. ಅಕ್ಕಂದು ನನ್ನಕಿಂತ ಖರಾಬ್ ಅದ. ಭಾಲ್ಕಿಯವರಿಗೂ ಫೋನ್ ಮಾಡಿ ಹೇಳೀನಿ. ಲಗ್ನ ಆದರ ಆಗಲಿ, ಬಿಟ್ಟರ ಬಿಡಲಿ. ಅಕ್ಕ ಇರಬೇಕ್ರಿ."

ಪ್ರಣಾಲಿ ಎಂದೂ ಕೊಡ ಹೊತ್ತವಳಲ್ಲ, ಅರ್ಧ ನೀರು ಚೆಲ್ಲುತ್ತಾ ಮನೆಯ ಕಡೆ ನಡೆದಳು. ತಪ್ಪಲಿರುವ ಲಗ್ನಕ್ಕೆ ನಾನು ಅಳಬೇಕಿತ್ತು, ಇಲ್ಲವೇ ಉಳಿದ ಜೀವಕ್ಕಾಗಿ ಅವಳನ್ನು ತಬ್ಬಿಕೊಳ್ಳಬೇಕಿತ್ತು. ಎರಡೂ ಆಗಲಿಲ್ಲ. ಹೊಟ್ಟೆ ಹಿಂದೆಂದೂ ಉರಿಯದ ಹಾಗೆ ಉರಿಯಿತು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಬಾಯಿ ಮುಚ್ಚಿಕೊಂಡು ಅವಳಿಗೆ ಕೊಡ ಹೊರಲು ಬಿಡುತ್ತಿದ್ದೆ.